ಹತ್ತು ಗಾಲಿ ಲಾರಿಗೆ ನಮ್ಮ ಮನಿಯವರ ಚಪ್ಪಲ್

ಜರಾ ಹತ್ರ ಬರ್ರಿ. ಇನ್ನೂ ಹತ್ರ. ಬಾಯಿ ಬಿಟ್ಟು ಓದೋರು ಇದ್ರ ದನಿ ತಗ್ಗಿಸಿ ಓದ್ರಿ. ಗ್ವಾಡಿಗೆ ಕಿವಿ ಇರ್ತಾವ ಅಂತಾರ ಮಂದಿ. ನಮ್ಮ ಓಣ್ಯಾಗ ಗ್ವಾಡಿಗೆ ಕಿವಿ ಅಷ್ಟ ಅಲ್ಲ, ಕಾಲೂ ಅವ. ಇಲ್ಲಿ ಆಡಿದ ಮಾತು ಚಾ ಆರೂದ್ರೊಳಗ ಬಸವಕಲ್ಯಾಣ ಮುಟ್ಟತದ. ಅದಕ್ಕ ಮೊದಲ ಆಣಿ ಮಾಡ್ರಿ, ಯಾರ ಮುಂದೂ ಬಾಯಿ ಬಿಡಂಗಿಲ್ಲ ಅಂತ. ಮಾಡಿದ್ರಿ? ಆತು. ಇದನ್ನ ನಾ ಇಲ್ಲೀ ಮಟ ಯಾರಿಗೂ ಹೇಳಿಲ್ಲ. ಹಿಂದಿನ ಓಣಿಯವರಿಗೆ, ಹಿಟ್ಟಿನ ಗಿರಣಿಯವರಿಗೆ, ಮತ್ತ ಬಸ್ ಸ್ಟ್ಯಾಂಡಿನಾಗ ಸಿಕ್ಕ ಒಬ್ಬಾಕಿಗೆ ಹೇಳಿದ್ದು ಬಿಟ್ರ.

ನಾ ಸಾಲಿ ಕಲತದ್ದು ಮೂರನೇತ್ತೆ. ಉಳಿದದ್ದೆಲ್ಲ ನಮ್ಮ ಕಟ್ಟಿ ಮ್ಯಾಲ ಕುಂತು ಕಲತದ್ದು. ನಮ್ಮ ಮನಿ ಹುಮನಾಬಾದ ಊರ ಹೊರಗ, ಹೈವೇಕ್ಕ ಮುಖ ಮಾಡಿ ಅದ. ಎದುರಿಗಿ ಒಂದು ಬೇವಿನ ಗಿಡ. ಆ ಗಿಡದ ನೆರಳಿಗಿ ವಾರದಾಗ ಮೂರು ದಿನ ತಪಾಸಣಿ ಜೀಪು ಬಂದು ನಿಲ್ಲತದ. ಅದರಾಗಿಂದ ಇಳಿಯೋರು ಬ್ರೇಕ್ ಇನ್‌ಸ್ಪೆಕ್ಟರ್ ಸಾಹೇಬ್ರು. ಗಾಡಿ ತಡದು ಲೈಟು, ಟೈರು, ಕಾಗದ ಎಲ್ಲಾ ನೋಡೋರು. ಯಾರ ಕೈಯಾಗಿಂದೂ ಒಂದು ಚಾ ಸುದ್ದಾ ಕುಡಿಯಂಗಿಲ್ಲ. ಅದಕ್ಕ ಡ್ರೈವರ್ ಮಂದಿಗೆ ಅವರಂದ್ರ ಭಾಳ ಸಿಟ್ಟು. ಲಂಚಾ ತಿನ್ನೋ ಮನುಷ್ಯಾಗ ಒಂದು ದರ ಇರ್ತದ, ತಿನ್ನಲಾರದವಗ ಏನ್ ಮಾಡ್ಬೇಕ್ರಿ?

ನನ್ನ ಕಸುಬು ನಜರ್ ತೆಗಿಯೋದು, ಕೆಟ್ಟ ದೃಷ್ಟಿ ಇಳಿಸೋದು. ಮೊದಲ ಕೂಸಿಗೆ ತೆಗಿತಿದ್ದೆ, ಆಮ್ಯಾಲ ಎಮ್ಮಿಗೆ, ಈಗೀಗ ಲಾರಿಗೆ. ಇಳಿಸಿ ಒಡದ ತೆಂಗಿನಕಾಯಿ ನನಗ ಬರ್ತದ. ವರ್ಷ ಪೂರ್ತಿ ನಮ್ಮನ್ಯಾಗ ಕೊಬ್ರಿ ಚಟ್ನಿ ತಪ್ಪಿಲ್ಲ.

ಹೈವೇ ಮ್ಯಾಲ ನಗೋವಂಥದ್ದು ದಿನಾ ಒಂದಿಲ್ಲೊಂದು ಆಗ್ತನ ಇರ್ತದ. ಹೋದ ಕಬ್ಬಿನ ಹಂಗಾಮಿನ ಮುಂದ ಆದದ್ದೆಲ್ಲ ಒಬ್ಬನ ಸುತ್ತ ಆತು. ಅಂವ ನಮ್ಮ ಬಾಜೂ ಮನಿ ಡ್ರೈವರ್. ಸ್ವಂತ ಲಾರಿ, ಹತ್ತು ಗಾಲಿದು. ಮನಸು ಬೆಣ್ಣಿ, ಹೊಟ್ಟಿ ಜ್ವಾಳ ತುಂಬೋ ಹಗೇವು. ಅಂವ ಹೆದರೋದು ಇಬ್ಬರಿಗೇ: ಬ್ರೇಕ್ ಇನ್‌ಸ್ಪೆಕ್ಟರ್‌ಗೆ ಮತ್ತ ಹೆಂಡತಿಗೆ. ಹೆಂಡತಿ ಬಸವಕಲ್ಯಾಣದಾಕಿ, ಹನ್ನೆರಡನೇತ್ತೆ ಪಾಸು. ಇಬ್ಬರಾಗ ಯಾರಿಗೆ ಹೆಚ್ಚು ಹೆದರ್ತಿ ಅಂತ ಕೇಳಿದ್ರ ಅಂವ ಮೊದಲ ಸುತ್ತಮುತ್ತ ನೋಡ್ತಾನ.

ಫಜೀತಿ ಏನಪ್ಪಾ ಅಂದ್ರ, ಸಾಲಾಗಿ ಇಪ್ಪತ್ತು ಲಾರಿ ಹೋದ್ರ ಹತ್ತೊಂಬತ್ತು ಬಿಟ್ಟು ಇವಂದ ಹಿಡೀತಿದ್ರು. ಇಲ್ಲಿ ಬಿಟ್ರ ಮನ್ನಾಏಖೇಳ್ಳಿ ಹತ್ರ ಹಿಡೀತಿದ್ರು. ಹಳ್ಳಿಖೇಡ ಕಡೆ ಕಬ್ಬು ಕಡಿಸೋ ಮುಕಾದಮ್‌ಗೆ ಇದು ತಿಳೀತು. ಅಂವ ಮನಿ ಮಟ ಬಂದು ಅಂದ: "ಕಡದ ಕಬ್ಬು ಬಿಸಲಾಗ ನಿಂತ್ರ ಒಣಗಿ ಕಟಗಿ ಆಗ್ತದ. ದೀಪಾವಳಿ ಮಟ ನೋಡ್ತೀನಿ. ನಿನ್ನ ಗಾಡಿ ಹಾದ್ಯಾಗ ನಿಲ್ಲೋದು ಬಂದ್ ಆದ್ರ ಸೈ, ಇಲ್ಲಾಂದ್ರ ಈ ಹಂಗಾಮಿಗಿ ನಾ ಬ್ಯಾರೆ ಗಾಡಿ ಹಚ್ಚತೀನಿ."

ಹಂಗಾಮು ಹೋದ್ರ ಅವರ ಮನಿ ವರ್ಷದ ಅನ್ನ ಹೋತು. ಅಂವ ನನ್ನ ಕಟ್ಟಿಗೆ ಓಡಿ ಬಂದ.

೧. ಮೂಗು ಹೊರಗ ಇರಬೇಕು

"ಆಯಿ, ನನ್ನ ಗಾಡಿಗೆ ಯಾರದೋ ನಜರ್ ಹತ್ಯದ" ಅಂದ.

"ಯಾರದೋ ಏನ್ ಬಂತು ತಮ್ಮಾ, ನಾ ಹೆಸರು ಹೇಳಲೇನು?" ಅಂದು ನಾಕು ಮನಿ ಹೆಸರು ಹೇಳಿದೆ. ನನಗ ಆಗಲಾರದ ಮನಿ ನಾಕ ಇದ್ವು ಆಗ.

ಮೊದಲ ವಾರ ನಿಂಬಿಕಾಯಿ, ಮೆಣಸಿನಕಾಯಿ ಕಟ್ಟಿದೆ. ಹಿಡದ್ರು. ಎರಡನೇ ವಾರ ಅದರ ಬಾಜೂಕ ಕರಿ ಗೊಂಬಿ ಕಟ್ಟಿದೆ. ಮತ್ತ ಹಿಡದ್ರು. ಔಷಧಿ ಹತ್ತಲಿಲ್ಲಂದ್ರ ಡಾಕ್ಟರ್ ಏನ್ ಮಾಡ್ತಾರ? ಡೋಸ್ ಹೆಚ್ಚು ಮಾಡ್ತಾರ. ಕುದುರಿ ಬಾಲ ಕಟ್ಟಿದೆ, ಶಂಖ ಕಟ್ಟಿದೆ, ಒಂದು ಲೈಟಿನ ಮ್ಯಾಲ ಕರಿ ಕಂಬಳಿ ತುಂಡು ಇಳಿಬಿಟ್ಟೆ. ಕಡೀಕ ನಮ್ಮ ಮನಿಯವರ ಹಳೇ ಚಪ್ಪಲ್ ಜೋಡಿನಾಗಿಂದು ಒಂದು ತಗದು ಮುಂದಿನ ನಂಬರ್ ಪ್ಲೇಟಿಗಿ ಬಿಗಿದೆ.

"ಚಪ್ಪಲ್‌ದ್ದು ಒಂದು ನೇಮ ಅದ ತಮ್ಮಾ" ಅಂತ ತಿಳಿಸಿ ಹೇಳಿದೆ. "ಅದರ ಮೂಗು ಹೊರಗ ಇರಬೇಕು. ಕೆಟ್ಟ ನಜರ್ ಯಾ ದಿಕ್ಕಿಲಿಂದ ಬರ್ತದೋ ಆ ದಿಕ್ಕಿಗೆ ಮೂಗು. ಅಂದ್ರ ನಜರ್ ಅದನ್ನ ನೋಡಿ ಹೇಸಿಕೊಂಡು ಹೊಳ್ಳಿ ಹೋಗ್ತದ."

ಮೂರನೇ ವಾರ ಜೀಪಿನ ಮುಂದನ ಲಾರಿ ಬಂತು. ಸಾಹೇಬ್ರು ಅದನ್ನ ಹಿಡಿಯೋದೇನು, ಅದೇ ಅವರನ್ನ ಕರದು ನಿಲ್ಲಿಸಿದಂಗ ಆತು. ಸುತ್ತ ಒಂದು ಸುತ್ತು ಹಾಕಿ ಕೇಳಿದ್ರು: "ಇದು ಲಾರಿನೋ, ಸೋಮವಾರದ ಸಂತಿನೋ? ನಂಬರ್ ಎಲ್ಲಿ ಅದ?"

"ಅದ ರೀ ಸಾಹೇಬ್ರ, ಆ ಚಪ್ಪಲ್ ಹಿಂದ ಅದ."

"ಲೈಟು?"

"ಕಂಬಳಿ ಹೊತಗೊಂಡದ್ರಿ."

ಒಂದು ಚೀಟಿ ಬರದು ಕೊಟ್ರು: ನಂಬರ್ ಕಾಣಂಗಿಲ್ಲ, ಲೈಟ್ ಕಾಣಂಗಿಲ್ಲ. ಎಲ್ಲಾ ಬಿಚ್ಚಿ ಓಡಸು ಅಂದ್ರು. ಇಂವ ಸಾಹೇಬ್ರ ಎದುರಿಗಿ ಬಿಚ್ಚಿದಂಗ ಮಾಡಿ, ನಂಬರ್ ಜರಾ ಕಾಣೋವಂಗ ಸರಿಸಿ, ಮತ್ತ ಕಟ್ಟಿದ. ಚೀಟಿನ ಒಯ್ದು ಕ್ಯಾಬಿನ್ನಿನಾಗ ದೇವರ ಫೋಟೋದ ಹಿಂದ ಸಿಗಿಸಿದ, ದೇವರ ನೋಡ್ಕೋಳ್ಳಲಿ ಅಂತ.

ನನಗೇನು ಬ್ಯಾಸರ ಆಗಲಿಲ್ಲ. ನಮ್ಮ ಮನಿಯವರು ಇದ್ದಾಗ ಕೆಲಸ ಅಂತ ಓಣಿ ದಾಟಿದವರಲ್ಲ. ಸತ್ತ ಮ್ಯಾಲ ಅವರ ಚಪ್ಪಲ್ ಹೈದರಾಬಾದ್ ಮಟ ಹೋಗಿ ದುಡದು ಬಂತು.

೨. ಕುಬಸಕ್ಕ ಬಂದ ಲಾರಿ

ಆಮ್ಯಾಲ ಯಾವನೋ ಜಾಣ ಡ್ರೈವರ್ ಇವಗ ಕಿವಿ ಊದಿದ: "ಹೈವೇಗೆ ಯಾಕ ಹೋಗ್ತೀಯೋ ಹುಚ್ಚಾ? ಹಳ್ಳಿ ಒಳದಾರಿ ಹಿಡಿ. ಅಲ್ಲಿ ಯಾವ ಇನ್‌ಸ್ಪೆಕ್ಟರ್ ಸಾಯ್ತಾನ?"

ಅದೇ ದಿನ ನಾ ಒಂದು ಹಳ್ಳ್ಯಾಗ ಕುಬಸಕ್ಕ ಹೋಗಿದ್ದೆ. ಬಸರಿ ಹೆಣ್ಣುಮಗಳಿಗೆ ಬಳಿ ಇಡಿಸಿ, ಉಡಿ ತುಂಬೋ ಕಾರ್ಯ. ನನಗ ಯಾರು ಕರದಿದ್ರು ಅಂತ ಕೇಳಬ್ಯಾಡ್ರಿ. ಕರದವರ ಮನಿಗಷ್ಟ ಹೋದ್ರ ಸುದ್ದಿ ಹ್ಯಾಂಗ ತಿಳೀತಾವ?

ಸಣ್ಣ ಓಣಿ. ಈ ಮನಿಯಿಂದ ಆ ಮನಿಗೆ ಶಾಮಿಯಾನಾ ಕಟ್ಟಿದ್ರು. ತೆಳಗ ನಾವು ಹೆಂಗಸರು ಐವತ್ತು ಮಂದಿ ಕುಂತು ಬಸರಿ ಮುಖ ನೋಡಿ ಗಂಡೋ ಹೆಣ್ಣೋ ಅಂತ ವಾದ ಹಾಕಾಕತ್ತಿದ್ದಿವಿ. ಅಷ್ಟರಾಗ ಗುರ್ರ್ ಅಂತ ಸಪ್ಪಳ. ತಲಿ ಎತ್ತಿ ನೋಡ್ತೀನಿ, ನಮ್ಮ ಮನಿಯವರ ಚಪ್ಪಲ್ ಬರಾಕತ್ತದ! ಅದರ ಹಿಂದ ಲಾರಿ.

"ಏ ನಿಲ್ಸೋ!" ಅಂತ ಎಲ್ಲಾರೂ ಒದರಿದ್ರು. ನಿಲ್ಲಸ್ಲಿಕ್ಕ ಬ್ರೇಕ್ ಬರೋಬರಿ ಇರಬೇಕಲ್ಲ? ಜರಾ ಮುಂದ ಬಂದ ನಿಂತಿತು. ಅಷ್ಟರಾಗ ಲಾರಿ ನೆತ್ತಿ ಶಾಮಿಯಾನಾಕ್ಕ ಸಿಕ್ಕು, ನಾಕೂ ಹಗ್ಗ ಕಿತ್ತು, ಬಟ್ಟಿ ಪೂರಾ ಲಾರಿ ಮ್ಯಾಲ ಬಿತ್ತು. ನಾವು ಐವತ್ತು ಮಂದಿ ಬಿಸಲಾಗ, ಲಾರಿ ಒಂದೇ ನೆರಳಾಗ. ಹೊಸಾ ಮದಿಮಗಳಂಗ ಸೆರಗು ಹೊತಗೊಂಡು ನಿಂತಿತ್ತು.

ಇಂವ ಸೆರಗು ಸರಿಸಿ ತೆಳಗ ಇಳದ. ಎದುರಿಗಿ ಒಬ್ಬರು ತಲಿಗಿ ರುಮಾಲು ಸುತಗೊಂಡು, ಕೈಯಾಗ ಹಸರ ಬಳಿ ತುಂಬಿದ ಪರಾತ ಹಿಡಕೊಂಡು ನಿಂತಿದ್ರು. ಬಸರಿ ಹೆಣ್ಣುಮಗಳ ಸ್ವಾದರಮಾವ. ಇಂವ ಅವರ ಮುಖ ನೋಡಿದ. ಅವರು ಇವನ ಮುಖ ನೋಡಿದ್ರು.

"ಸಾಹೇಬ್ರ, ನೀವಾ?" ಅಂದ ಇಂವ. ಖಾಕಿ ಇಲ್ಲದ ಬ್ರೇಕ್ ಇನ್‌ಸ್ಪೆಕ್ಟರ್‌ನ ಅಂವ ಕನಸಿನಾಗೂ ನೋಡಿರಲಿಲ್ಲ.

ಸಾಹೇಬ್ರು ಬಳಿ ಪರಾತ ನನ್ನ ಕೈಯಾಗ ಕೊಟ್ಟು, ಲಾರಿಗೆ ಒಂದು ಸುತ್ತು ಹಾಕಿ ಬಂದ್ರು. "ಬ್ರೇಕ್ ಸಡ್ಲ ಅದ. ಹಿಂದಿನ ಲೈಟ್ ಒಡದದ. ಚೀಟಿ ಬರದು ಕೊಟ್ಟಿದ್ದೆ, ಏನ್ ಮಾಡಿದಿ?"

"ದೇವರ ಹತ್ರ ಕೊಟ್ಟೀನ್ರಿ."

ಇನ್ನ ಮುಗೀತು ಅಂತ ಇಂವ ಕೈ ಮುಗುದು ಕಣ್ಣು ಮುಚ್ಚಿದ. ಸಾಹೇಬ್ರು ಅಂದ್ರು: "ಇವತ್ತು ಶುಭಕಾರ್ಯ, ನಾ ಪೆನ್ನು ತಂದಿಲ್ಲ. ಕುಂಡ್ರು, ಊಟ ಮಾಡು. ಮನಿಗಿ ಬಂದಾವ ಉಪಾಸ ಹೋಗಬಾರದು."

ಸಾಹೇಬ್ರು ಎದುರಿಗಿ ನಿಂತು ತಾವ ತುಪ್ಪ ನೀಡಿದ್ರು. ಪಾಪ, ಹೆದರಿಕ್ಯಾಗ ಬ್ಯಾಡ ಅನ್ನಾಕ ಬಾಯಿ ಬರಲಾರದ ಇಂವ ಹನ್ನೊಂದು ಹೋಳಿಗಿ ತಿಂದ.

೩. ಒಂದು ಕಣ್ಣು

ಡ್ರೈವರ್ ಮಂದ್ಯಾಗ ಒಂದು ರಿವಾಜು ಅದ. ಹಾದ್ಯಾಗ ತಪಾಸಣಿ ಕಂಡ್ರ, ಎದುರು ಬರೋ ಗಾಡಿಗೆ ಹಗಲಾಗ ಎರಡು ಸಲ ಲೈಟ್ ಹೊಡೀತಾರ. ಮುಂದ ಸಾಹೇಬ್ರು ಅದಾರ, ಹುಷಾರ್ ಅಂತ. ತಿಳಕೊಂಡವ ಚಾ ಅಂಗಡಿ ನೋಡಿ ಗಾಡಿ ನಿಲ್ಲಿಸಿ, ಸಾಹೇಬ್ರು ಹೋಗೋ ಮಟ ಚಾ ಕುಡೀತಾನ.

ಆ ದಿನ ಜೀಪು ಬೇವಿನ ಗಿಡದ ಬುಡಕ ನಿಂತಿತ್ತು, ಒಳಗ ಜೀಪಿನ ಡ್ರೈವರ್ ಒಬ್ಬನ ನಿದ್ದಿ ಮಾಡಾಕತ್ತಿದ್ದ. ಸಾಹೇಬ್ರು ಯಾವದೋ ಬಿಳಿ ಕಾರಿನಾಗ ಮಾಣಿಕನಗರಕ್ಕ ಹೋಗಿದ್ರು. ನಮ್ಮ ಹೀರೋ ಗಿಡದ ಮುಂದ ದಾಟಿದ. ಯಾರೂ ಕೈ ಮಾಡಲಿಲ್ಲ! ಅವಗ ಖುಷಿಯೋ ಖುಷಿ. ಆ ಖುಷಿಯೊಳಗ ಪರೋಪಕಾರ ಮಾಡಬೇಕು ಅನಿಸ್ತು. ಎದುರು ಒಂದು ಬಿಳಿ ಕಾರು ಬರಾಕತ್ತಿತ್ತು. ಇಂವ ಲೈಟ್ ಹೊಡದ. ಕಾರು ನಿಂತಿತು. ಇಂವ ಕಿಡಕ್ಯಾಗಿಂದ ತಲಿ ಹೊರಗ ಹಾಕಿ, "ಅಣ್ಣಾ, ಮುಂದ ಬೇವಿನ ಗಿಡದ ಹತ್ರ ಅದಾನ, ಹುಷಾರ್!" ಅಂದ.

ಕಾರಿನ ಗ್ಲಾಸ್ ಇಳೀತು. "ಯಾರು ಅದಾನಪ್ಪಾ?"

ಇಂವ ತಲಿ ಅರ್ಧಾ ಒಳಗ ಎಳಕೊಂಡ. "ನೀವ ಅದೀರಿ ಸಾಹೇಬ್ರ" ಅಂದ.

"ನಾ ಇಲ್ಲೀನಲ್ಲೋ."

"ಹೌದ್ರಿ. ಅಲ್ಲೂ ಅದೀರಿ ಅಂತ ತಿಳಕೊಂಡಿದ್ದೆ."

ಸಾಹೇಬ್ರು ಇಳದು ಬಂದ್ರು. ಇಂವ ಲೈಟ್ ಹೊಡದಾಗ ಎಡಗಡೆದು ಒಂದ ಹತ್ತಿತ್ತು, ಬಲಗಡೆದು ಸತ್ತು ಎಷ್ಟು ದಿನ ಆಗಿತ್ತೋ. ಈ ಸಲ ಅವರು ಚ್ಯಾಷ್ಟಿನೂ ಮಾಡಲಿಲ್ಲ, ಸಿಟ್ಟೂ ಮಾಡಲಿಲ್ಲ. ಲೈಸನ್ಸ್ ಕೈಯಾಗ ಹಿಡಕೊಂಡು ಮೆತ್ತಗ ಅಂದ್ರು: "ಮೂರು ಸಲ ಹೇಳೀನಿ. ಇನ್ನೊಂದು ಸಲ ನಿನ್ನ ಗಾಡ್ಯಾಗ ಒಂದ ಒಂದು ಕೊರತಿ ಸಿಕ್ರ ಈ ಲೈಸನ್ಸ್ ಮೂರು ತಿಂಗಳು ಅಮಾನತಿಗಿ ಬರೀತೀನಿ. ಹಂಗಾಮು ಮುಗಿಯೋ ಮಟ ಮನ್ಯಾಗ ಕುಂಡ್ರು."

ಇದನ್ನೆಲ್ಲ ನಾ ಕಟ್ಟಿ ಮ್ಯಾಲಿಂದನ ನೋಡಿದೆ. ನಾ ಆಡಿದ್ದು ಇಷ್ಟ ನೋಡ್ರಿ: "ಬಾಜೂ ಮನಿಯಾಂವ ಹೈವೇದಾಗ ಹೋಗಿ ಬರೋರಿಗೆ ಒಂದು ಕಣ್ಣು ಹೊಡೀತಾನ." ಲಾರಿ ಕಣ್ಣು ಅಂತ ಹೇಳೋದು ಮರೀತು, ವಯಸ್ಸಾತಲ್ಲ. ಒಂದ ಮನಿಗೆ ಹೇಳಿದ್ದೆ. ಸಂಜಿಗಿ ನಾ ಕಾಯಿಪಲ್ಲೆ ತರಾಕ ಹೋಗೂದ್ರೊಳಗ ಮಾಣಿಕನಗರದಾಗ ಅವನ ಎರಡನೇ ಮದಿವಿ ಆಗಿ, ಮೂರು ತಿಂಗಳ ಕೂಸು ಇತ್ತು.

೪. ಬೇವಿನ ಎಲಿ

ಹೆಂಡತಿಗೆ ಎರಡೂ ಸುದ್ದಿ ಒಂದ ದಿನ ಮುಟ್ಟಿದ್ವು: ಲೈಸನ್ಸಿಂದು, ಕೂಸಿಂದು. ಕೂಸಿನ ಸುದ್ದಿ ಕೇಳಿ ನಕ್ಕಳಂತ. "ಈ ಮನುಷ್ಯಾಗ ಒಂದು ಲಾರಿ ಸಂಭಾಳಿಸಾಕ ಆಗವಲ್ದು, ಎರಡನೇ ಹೆಂಡತಿ ಎಲ್ಲಿ ಸಂಭಾಳಿಸ್ತಾನ" ಅಂದ್ಲಂತ. ಲೈಸನ್ಸಿಂದು ಕೇಳಿ ಮಾತ್ರ ನಗಲಿಲ್ಲ. ಮರುದಿನ ಸೀದಾ ಬೇವಿನ ಗಿಡಕ್ಕ ನಡದ್ಲು.

ನನಗೂ ಅವತ್ತ ಬೇವಿನ ಎಲಿ ಬೇಕಾಗಿದ್ವು. ಗಿಡದ ಹಿಂದ ಹೋಗಿ ಹರಿಯಾಕ ನಿಂತೆ.

"ಸಾಹೇಬ್ರ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಸಾವಿರ ಗಾಡಿ ಬಿಟ್ಟು ನಮ್ಮದ ಯಾಕ ಹಿಡೀತೀರಿ? ನಮ್ಮ ಮ್ಯಾಲ ನಿಮಗೇನು ದ್ವೇಷ?"

ಸಾಹೇಬ್ರು ಅಂದ್ರು: "ತಂಗೆವ್ವಾ, ಸಾವಿರ ಗಾಡಿ ನಿಲ್ಲಿಸಾಕ ನನಗ ಸಾವಿರ ಕೈ ಇಲ್ಲ. ದೂರಲಿಂದ ಯಾವದು ಕಣ್ಣಿಗಿ ಚುಚ್ಚತದೋ ಅದಕ್ಕ ಕೈ ಮಾಡ್ತೀನಿ. ಅಲ್ಲಿ ನೋಡು, ಹಸರ ಲಾರಿ ಬರಾಕತ್ತದ. ನಿಲ್ಲಸಲೋ, ಬಿಡಲೋ?"

ಆಕಿ ಕಣ್ಣು ಸಣ್ಣ ಮಾಡಿ ನೋಡಿದ್ಲು. "ಹಗ್ಗ ಸಡ್ಲ ಅದ. ಮಾಲು ಒಂದು ಬಗಲಿಗಿ ವಾಲ್ಯದ. ನಿಲ್ಲಸ್ರಿ."

ನಿಲ್ಲಿಸಿದ್ರು. ಖರೇನ, ಹಗ್ಗ ಬಿಚ್ಚಿ ಹೋಗಿತ್ತು. ಹಿಂದ ಇನ್ನೊಂದು ಬಂತು. "ಇದು?"

"ಬಿಡ್ರಿ. ಎರಡೂ ಲೈಟ್ ಅವ, ನಂಬರ್ ಫಳಫಳ ಅಂತದ, ಸೀಟಿನ ಪಟ್ಟಾ ಕಟಗೊಂಡಾನ."

"ಆ ಕೆಂಪು?"

"ಕರಿ ಹೊಗಿ ಕಾರಾಕತ್ತದ. ಹಿಡೀರಿ ಅದನ್ನ!"

ಕಡೀಕ ಸಾಹೇಬ್ರು ಕೈ ಕೆಳಗ ಬಿಟ್ಟು ನಿಂತ್ರು, ಆಕಿನ ಒದರಿ ಒದರಿ ಗಾಡಿ ನಿಲ್ಲಸಾಕತ್ತಿದ್ಲು.

"ಈಗ ನೀನ ಹೇಳು ತಂಗಿ" ಅಂದ್ರು ಸಾಹೇಬ್ರು, "ನಿಮ್ಮ ಗಾಡಿ ಬಂದ್ರ ನೀ ಬಿಡ್ತಿದ್ದೇನು?"

ಆಕಿ ಸೆರಗು ಬಾಯಿಗಿ ಹಿಡದ್ಲು.

"ನಿಮ್ಮವಗ ಕಾಗದ ಕೇಳಿದ್ರ ಅರ್ಧಾ ತಾಸು ಸೀಟಿನ ಬುಡಕ ಹುಡುಕ್ತಾನ. ಕಾಗದನ ಸಿಗಲಾರದ ಡ್ರೈವರ್‌ನ ನೋಡಿದ್ರ, ಬ್ರೇಕೂ ನೋಡಬೇಕು ಅನಸ್ತದ. ಹೋದ ಸಲ ಬರದು ಕೊಟ್ಟದ್ದನ್ನ ಈ ಸಲಕ್ಕ ಸರಿ ಮಾಡಿದ್ರ ಮುಂದಿನ ಸಲ ನಾ ಯಾಕ ಹಿಡೀಲಿ? ದಿನಾ ಮುಂಜಾನಿ ಹೊರಡೋಕಿಂತ ಮದ್ಲು ಹತ್ತು ನಿಮಿಷ ಗಾಡಿ ಸುತ್ತ ತಿರಗಿ ನೋಡಿದ್ರ, ನಾ ಇಲ್ಲಿ ಬಿಸಲಾಗ ನಿಲ್ಲೋದು ತಪ್ಪತದ."

"ಇಷ್ಟೇನಾ?" ಅಂದ್ಲು ಆಕಿ.

"ಇಷ್ಟ. ನಜರ್ ಗಿಜರ್ ಏನಿಲ್ಲ."

ನಜರ್ ಇಲ್ಲ ಅಂದ್ರ ಸುಮ್ಮನ ಹ್ಯಾಂಗ ಇರ್ಲಿ? ನನಗ ಕೆಮ್ಮು ಬಂತು. ಇಬ್ಬರೂ ಗಿಡದ ಹಿಂದ ಬಂದು ನೋಡಿದ್ರು.

"ನಾ ಎಲಿ ಹರಿಯಾಕ ಬಂದೀನ್ರಿ" ಅಂದೆ.

ಸಾಹೇಬ್ರು ನನ್ನ ಕೈ ನೋಡಿ ಅಂದ್ರು: "ಆಯಿ, ಒಂದು ತಾಸಿನಿಂದ ಅದೇ ಒಂದು ಎಲಿ ಹಿಡಕೊಂಡು ನಿಂತೀರಿ. ಗಿಡನ ಬಿಡವಲ್ದೇನು?"

೫. ಲಾರಿಗೆ ಹೆಣ್ಣು ನೋಡೋ ಕಾರ್ಯ

ಇಲ್ಲಿ ಒಂದು ಹಳೇ ಮಾತು ಹೇಳಬೇಕು. ಈ ಡ್ರೈವರ್‌ಗೆ ಹೆಣ್ಣು ನೋಡಾಕ ಬಸವಕಲ್ಯಾಣಕ್ಕ ಹೋದಾಗ, ಅವರವ್ವನ ಸಂಗಡ ನಾನೂ ಹೋಗಿದ್ದೆ. ಹೆಣ್ಣು ನೋಡೋದ್ರಾಗ ನನ್ನ ಕೈ ಹಿಡಿಯೋರು ಯಾರೂ ಇಲ್ಲ. ಕುಂಟತಾಳೋ ನೋಡಾಕ ಆಕಿನ ಬಾಗಲದಿಂದ ಬಾವಿ ಮಟ ನಡಿಸಿದೆ. ಪೌಡರ್ ಹಚ್ಯಾಳೋ ನೋಡಾಕ ಹಸಿ ಅರಬಿಲೆ ಗಲ್ಲ ಒರಿಸಿದೆ. ಜಡಿ ಖರೇನೋ ಸುಳ್ಳೋ ಅಂತ ಜಗ್ಗಿ ನೋಡಿದೆ. ಬಾಯಿ ತಗಿಸಿ ಹಲ್ಲು ಎಣಿಸಿದೆ. ಮೂವತ್ತೆರಡಕ್ಕ ಎರಡು ಕಮ್ಮಿ ಇದ್ವು, ಅದನ್ನ ಎಲ್ಲಾರ ಮುಂದ ಹೇಳಿದೆ. ಹೇಳಬೇಕಾಗ್ತದ್ರಿ, ಮುಚ್ಚಿಡೋದು ನನ್ನ ಸ್ವಭಾವ ಅಲ್ಲ.

ಆಕಿ ಅದನ್ನ ಹದಿನೈದು ವರ್ಷ ಹೊಟ್ಟ್ಯಾಗ ಇಟಗೊಂಡಿದ್ಲು ನೋಡ್ರಿ.

ಬೇವಿನ ಗಿಡದಿಂದ ಬಂದಕೂಡಲೆ ಆಕಿ ಲಾರಿಗೆ ನಾ ಕಟ್ಟಿದ್ದೆಲ್ಲ ಕುಡಗೋಲ್ಲೆ ಕೊಯ್ದು, ಒಂದು ಚೀಲದಾಗ ತುಂಬಿ ತಂದು ನನ್ನ ಕಟ್ಟಿ ಮ್ಯಾಲ ಇಟ್ಲು. ಚಪ್ಪಲ್ ಮ್ಯಾಲ ಇತ್ತು. ಮರುದಿನ ಮುಂಜಾನಿ ಗಂಡನ್ನ ಅಂಗಳದಾಗ ನಿಲ್ಲಿಸಿ, ನನಗ ಕೇಳೋವಂಗ ಜ್ವಾರಲೆ ಅಂದ್ಲು: "ಏನ್ರಿ, ನನ್ನ ಹ್ಯಾಂಗ ನೋಡಿದ್ರಿ, ಹಂಗ ಇವತ್ತು ನಿಮ್ಮ ಲಾರಿ ನೋಡ್ತೀನಿ. ತಗೊಂಬರ್ರಿ ಹೆಣ್ಣನ್ನ."

"ಲೇ, ಮಂದಿ ನೋಡಾಕತ್ತಾರ" ಅಂದ ಅಂವ.

"ನನಗೂ ಮಂದಿನ ನೋಡಿದ್ರು. ನಡಸ್ರಿ ಮೊದಲ."

ಅಂವ ಲಾರಿ ನಡಿಸಿದ. "ನಿಲ್ಲಸ್ರಿ!" ಅಂದ್ಲು. ಐದು ಹೆಜ್ಜಿ ಮುಂದ ಹೋಗಿ ನಿಂತಿತು. "ಕರದಲ್ಲಿ ನಿಲ್ಲವಲ್ದು, ಸೊಕ್ಕಿನ ಹೆಣ್ಣು. ಬ್ರೇಕ್ ಬಿಗಿ ಮಾಡಸ್ರಿ."

"ಕಣ್ಣು ತಗಿಸ್ರಿ." ಒಂದ ಲೈಟ್ ಹತ್ತಿತು. "ಮೆಳ್ಳಗಣ್ಣು."

"ಮುಖ ತೊಳೀರಿ." ನಂಬರ್ ಪ್ಲೇಟು ಹಸಿ ಅರಬಿಲೆ ಒರಿಸಿದ್ರ ಅಂಕಿಯೊಳಗ ಒಂದು ಅಂಕಿನ ಅಳಿಸಿ ಹೋಗಿತ್ತು.

"ಜಡಿ ತೋರಸ್ರಿ." ತಾಡಪತ್ರಿ ಹಗ್ಗ ಜಗ್ಗಿದ್ಲು, ಕೈಯಾಗ ಬಂತು.

"ಹಾಡು ಅನಸ್ರಿ." ಹಾರ್ನ್ ಹೊಡದ. ಕೆಮ್ಮು ಹತ್ತಿದ ಮುದಕನಂಗ ಒಂದು ಸಪ್ಪಳ ಬಂತು.

ಕಡೀಕ ಬಗ್ಗಿ ಟೈರು ನೋಡಿದ್ಲು. ಬೆರಳು ಹಚ್ಚಿ ಒಂದೊಂದ ಹಲ್ಲು ಎಣಿಸಾಕತ್ತಿದ್ಲು. ಎಣಿಸಿ ಎಣಿಸಿ ಎದ್ದು ನಿಂತು, ನನ್ನ ಕಟ್ಟಿ ಕಡೆ ನೋಡಿ, ಓಣಿಗೆಲ್ಲ ಕೇಳೋವಂಗ ಅಂದ್ಲು: "ಹಿಂದಿನ ಎರಡು ಟೈರಿಗೆ ಒಂದೂ ಹಲ್ಲಿಲ್ಲ! ನನಗ ಎರಡ ಕಮ್ಮಿ ಇದ್ವು!"

ಹಂಗ ಇಪ್ಪತ್ತು ದಿನ ದಿನಾ ಮುಂಜಾನಿ ಅಂಗಳದಾಗ ಹೆಣ್ಣು ನೋಡೋ ಕಾರ್ಯ. ಒಂದೊಂದ ದುರಸ್ತಿ ಆತು. ಬ್ರೇಕ್ ಆತು, ಲೈಟು ಆತು, ಟೈರು ಬದಲಿ ಆದ್ವು. ಸಾಹೇಬ್ರ ಚೀಟಿ ದೇವರ ಹಿಂದಿಂದ ತಗದು ಒಂದೊಂದ ಸಾಲಿಗೆ ಗೀಟು ಹೊಡದ್ಲು. ಕಾಗದ ಎಲ್ಲಾ ತನ್ನ ಕೈಬಳಿ ಇಡೋ ಡಬ್ಬಿಯೊಳಗ ಹಾಕಿ ಸ್ಟೇರಿಂಗ್ ಬಾಜೂ ಇಟ್ಲು.

ನಾನೂ ಇಪ್ಪತ್ತು ದಿನ ಬಿಡಲಾರದ ಹೋಗಿ ಕುಂತು ನೋಡಿದೆ. ಎಂಥಾ ಮಂದಿ ನೋಡ್ರಿ, ಹೆಣ್ಣು ನೋಡೋ ಕಾರ್ಯದಾಗ ಒಂದು ದಿನನೂ ಉಪ್ಪಿಟ್ಟು ಕೊಡಲಿಲ್ಲ.

೬. ಕೈ ಮಾಡಲಿಲ್ಲ

ದೀಪಾವಳಿ ಮುಗೀತು. ಮುಕಾದಮ್ ಒಂದ ಒಂದು ಖೇಪ್, ಒಂದ ಒಂದು ಬಾಡಿಗಿ ಕೊಟ್ಟು ನೋಡ್ತೀನಿ ಅಂದ. "ಮಧ್ಯಾಹ್ನದಾಗ ಕಬ್ಬು ತುಂಬಕೊಂಡು ಬಾ. ನಾನೂ ಮೋಟಾರ್ ಸೈಕಲ್ ಮ್ಯಾಲ ಹಿಂದ ಬರ್ತೀನಿ. ಹಾದ್ಯಾಗ ನಿಂತ್ರ ಅಲ್ಲೇ ಮುಗೀತು."

ಈಗ ನನ್ನ ಪಾಡು ಕೇಳ್ರಿ. ಆ ಇಪ್ಪತ್ತು ದಿನದಾಗ ನನ್ನ ಕಟ್ಟಿಗೆ ಒಂದು ಲಾರಿ ಬರಲಿಲ್ಲ. ಡ್ರೈವರ್ ಮಂದಿ ಎಲ್ಲಾ ಅಂಗಳದಾಗ ನಿಂತು ಆಕಿ ಟೈರ್ ಎಣಿಸೋದು ನೋಡಿ, ಹೋಗಿ ತಮ್ಮ ಟೈರ್ ಎಣಿಸಕೊಂಡ್ರು. ಮನ್ಯಾಗ ಕೊಬ್ರಿ ಚಟ್ನಿ ಮುಗೀತು. ಆದ್ರ ನಾ ಅದಕ್ಕ ಮಾಡಿದ್ದಲ್ಲ, ದೇವರಾಣಿ. ಮಗನಂಥ ಹುಡುಗ, ಮೊದಲ ಖೇಪ್, ಲಾರಿ ಬೋಳ ಬೋಳ ಹೊಂಟದ. ನನಗ ಕರುಳು ಚುರ್ ಅಂತು. ಆಕಿ ರೊಟ್ಟಿ ಗಂಟು ತರಾಕ ಒಳಗ ಹೋದಾಗ ಮೆತ್ತಗ ಹೋಗಿ ಲಾರಿ ಹಿಂದ ಬಲಗಡೆ ಆ ಚಪ್ಪಲ್ ಕಟ್ಟಿ ಬಂದೆ. ಮೂಗು ಹೊರಗ.

ಮಧ್ಯಾಹ್ನದಾಗ ಓಣಿ ಮಂದಿ ಎಲ್ಲಾ ರೋಡಿಗೆ ಬಂದು ನಿಂತ್ರು. ಬೇವಿನ ಗಿಡದ ಬುಡಕ ಸಾಹೇಬ್ರು. ದೂರಲಿಂದ ಲಾರಿ ಬಂತು ನೋಡ್ರಿ. ಎರಡೂ ಕಣ್ಣು ಹತ್ಯಾವ, ನಂಬರ್ ಫಳಫಳ ಅಂತದ, ಕಬ್ಬಿಗೆ ಹಗ್ಗ ಕಚ್ಚಿ ಹಾಕಿದಂಗ ಬಿಗಿದಾರ. ಆಕಿ ಹೊಸ್ತಿಲ ಮ್ಯಾಲ ನಿಂತು ದೂರಲಿಂದನ ಟೈರ್ ಎಣಿಸಾಕತ್ತಿದ್ಲು.

ಸಾಹೇಬ್ರು ನೋಡಿದ್ರು. ಕೈ ಮಾಡಲಿಲ್ಲ. ಹೋಗು ಅಂತ ತಲಿ ಅಲ್ಲಾಡಿಸಿದ್ರು.

ಲಾರಿ ನಿಂತಿತು.

ಯಾಕ ನಿಂತಿತು ಅಂತೀರಿ? ಆ ಗಿಡದ ಹತ್ರ ನಿಂತು ನಿಂತು ಅವನ ಕಾಲಿಗೆ ರೂಢಿ ಬಿದ್ದಿತ್ತು! ಇಳದು ಬಳಿ ಡಬ್ಬಿ ಹಿಡಕೊಂಡು ಸಾಹೇಬ್ರ ಮುಂದ ಹೋಗಿ ನಿಂತ.

"ನಾ ನಿನಗ ಕರೀಲಿಲ್ಲಲ್ಲೋ. ಹೋಗು."

"ಇಲ್ರಿ ಸಾಹೇಬ್ರ, ಒಮ್ಮೆ ನೋಡ್ರಿ."

"ನೋಡೋವಂಥದ್ದು ಏನಿಲ್ಲೋ ಮಾರಾಯಾ."

"ಇಪ್ಪತ್ತು ದಿನ ಎದ್ದು ಮುಖ ತೊಳಿಸೀನ್ರಿ ಇದಕ್ಕ. ನೀವು ನೋಡ್ಲಿಲ್ಲಂದ್ರ ಹ್ಯಾಂಗ್ರಿ? ಮನಿಗಿ ಹೋಗಿ ಆಕಿಗಿ ಏನ್ ಹೇಳ್ಲಿ?"

ಹಿಂದ ಮುಕಾದಮ್ ಮೋಟಾರ್ ಸೈಕಲ್ ನಿಲ್ಲಿಸಿ ಹಣಿ ಬಡಕೊಂಡ. "ನಿಲ್ಲಲಾರದ ಹೋಗಂದ್ರ ತಾನ ನಿಂತಾನ!"

ಸಾಹೇಬ್ರು ಬ್ಯಾಸತ್ತು ಸುತ್ತು ಹಾಕಿದ್ರು. ಕಾಗದ ಬರೋಬರಿ. ಟೈರು ಬರೋಬರಿ. ಹಿಂದ ಹೋಗಿ "ಬ್ರೇಕ್ ಒತ್ತು" ಅಂದ್ರು. ಅಂವ ಕ್ಯಾಬಿನ್ ಏರಿ ಒತ್ತಿದ. ಎಡಗಡೆ ಕೆಂಪು ಲೈಟ್ ಹತ್ತಿತು. ಬಲಗಡೆ ಹತ್ತಲಿಲ್ಲ. ಅಲ್ಲಿ ನಮ್ಮ ಮನಿಯವರ ಚಪ್ಪಲ್ ಇತ್ತು.

 ಸಾಹೇಬ್ರು ಲೈಸನ್ಸ್ ಕೇಳಿ ಕೈಯಾಗ ತಗೊಂಡ್ರು. ಇಂವ ಬ್ರೇಕ್ ಒತ್ತಿ ಹಿಡಕೊಂಡ ಕುಂತಿದ್ದ, ಅಳೋದೊಂದ ಬಾಕಿ. "ಮುಂಜಾನಿ ಇರ್ಲಿಲ್ರಿ ಸಾಹೇಬ್ರ, ನನ್ನ ಹೆಂಡತಿ ತಪಾಸಣಿ ಮಾಡ್ಯಾಳ್ರಿ, ಆಕಿ ಕಣ್ಣಿಗಿ ಬೀಳಲಾರದ್ದು ಈ ಲೋಕದಾಗ ಏನೂ ಇಲ್ರಿ!"

ಆಕಿ ಬರಿಗಾಲಲೆ ರೋಡ್ ದಾಟಿ ಬಂದ್ಲು. ಚಪ್ಪಲ್ ನೋಡಿದ್ಲು. ಒಂದ ಏಟಿಗೆ ಕಿತ್ತಳು. ಅದರ ಹಿಂದ ಕೆಂಪು ಲೈಟ್ ಝಗ್ ಅಂತ ಹತ್ತಿಕೊಂಡ ಇತ್ತು.

ಸಾಹೇಬ್ರು ಲೈಟ್ ನೋಡಿದ್ರು, ಚಪ್ಪಲ್ ನೋಡಿದ್ರು. ಆಮ್ಯಾಲ ತಿರಗಿ ನನ್ನ ಕಟ್ಟಿ ನೋಡಿದ್ರು. ನಾ ಅಕ್ಕಿ ಆರಿಸೋದ್ರಾಗ ಗರ್ಕ ಆಗಿದ್ದೆ. ಮೊರದಾಗ ಅಕ್ಕಿ ಇರಲಿಲ್ಲ, ಅದು ಬ್ಯಾರೆ ಮಾತು.

ಆವತ್ತ ಅವರು ನಕ್ಕಿದ್ದನ್ನ ನಾ ಮೊದಲ ಸಲ ನೋಡಿದೆ. ಲೈಸನ್ಸ್ ಹೊಳ್ಳಿ ಕೊಟ್ಟು, "ಗಾಡ್ಯಾಗ ಏನೂ ಕೊರತಿ ಇಲ್ಲ ತಂಗಿ. ಗಾಡಿ ಕಾಯೋದು ನಿನಗ ಬಂದದ, ಬಾಜೂ ಮನಿ ಕಾಯೋದು ಕಲಿ" ಅಂದ್ರು. ಮುಕಾದಮ್ ಕಿಕ್ ಹೊಡದು, "ನಾಳೆ ಮುಂಜಾನಿ ಆರಕ್ಕ ಹೊಲದಾಗ ಇರು. ಹಂಗಾಮು ಪೂರಾ ನಿಂದ" ಅಂದ. ಲಾರಿ ಹೋತು. ಮಂದಿ ಸೀಟಿ ಹೊಡದ್ರು.

ಆಕಿ ಮಾತ್ರ ಹೋಗಲಿಲ್ಲ. ಚಪ್ಪಲ್ ಕೈಯಾಗ ಹಿಡಕೊಂಡು ಒಂದೊಂದ ಹೆಜ್ಜಿ ಇಟ್ಟು ನನ್ನ ಕಟ್ಟಿಗೆ ಬಂದ್ಲು. ಹೊಡಿತಾಳ ಅಂತ ನಾ ಸೆರಗು ತಲಿ ಮ್ಯಾಲ ಎಳಕೊಂಡೆ. ಹೊಡಿಲಿಲ್ಲ. ಚಪ್ಪಲ್‌ದ ಧೂಳು ಜಾಡಿಸಿ ನನ್ನ ಮಗ್ಗಲಕ ಇಟ್ಟು, ಮಾರಿಗೆ ಮಾರಿ ಕೊಟ್ಟು, ಸಮಾಧಾನಲೆ ಅಂದ್ಲು:

"ಆಯಿ, ಇದನ್ನ ನಿಮ್ಮ ಬಾಗಲಕ್ಕನ ಕಟಗೋರಿ. ಮೂಗು ಹೊರಗ ಅಲ್ಲ, ಒಳಗ ಮಾಡಿ."